ಹುಡುಕಿದ ಜಾಗವನ್ನೇ ಮತ್ತೆ ಹುಡುಕುವುದೇಕೆ?

2025ರ ಸೆಪ್ಟೆಂಬರ್ 27ರ ಸಂಜೆ ದಕ್ಷಿಣ ಆಸ್ಟ್ರೇಲಿಯಾದ ಯಂಟಾ ಎಂಬ ಪುಟ್ಟ ಊರಿನಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿರುವ ಕುರಿ ಸಾಕುವ ಜಮೀನೊಂದರಿಂದ ನಾಲ್ಕು ವರ್ಷದ ಬಾಲಕನೊಬ್ಬ ಕಾಣೆಯಾದ. ಪೊಲೀಸರು, ಸ್ಟೇಟ್ ಎಮರ್ಜೆನ್ಸಿ ಸರ್ವಿಸ್‌ನ ಸ್ವಯಂಸೇವಕರು, ಸೇನೆಯ ಸಿಬ್ಬಂದಿ, ಹೆಜ್ಜೆಜಾಡು ಹಿಡಿಯುವ ಮೂಲನಿವಾಸಿ ಟ್ರ್ಯಾಕರ್‌ಗಳು, ಹೆಲಿಕಾಪ್ಟರ್ ಮತ್ತು ಡ್ರೋನ್‌ಗಳು ಆ ಕೆಂಪು ನೆಲವನ್ನು ಜಾಲಾಡಿದರೂ ಮಗು ಸಿಗಲಿಲ್ಲ. ಆ ಪ್ರಕರಣದಲ್ಲಿ ನಿಜವಾಗಿ ಏನಾಯಿತು ಎಂಬುದು ಪೊಲೀಸ್ ತನಿಖೆಗೆ ಸೇರಿದ ವಿಷಯವಾದ್ದರಿಂದ ಅದರ ಬಗ್ಗೆ ನಾನು ಏನನ್ನೂ ಹೇಳಹೋಗುವುದಿಲ್ಲ. ಆದರೆ ಆ ದಿನಗಳಲ್ಲಿ ಶೋಧ ಯೋಜನೆಯ ಕೆಲಸ ಬಲ್ಲ ನಮ್ಮಂಥವರನ್ನು ಪರಿಚಿತರೆಲ್ಲರೂ ಕೇಳುತ್ತಿದ್ದ ಎರಡು ಪ್ರಶ್ನೆಗಳಿಗೆ ಇಲ್ಲಿ ಸ್ವಲ್ಪ ವಿವರವಾಗಿ ಉತ್ತರಿಸಬೇಕೆನಿಸಿದೆ. ಮರಗಳೇ ಇಲ್ಲದ ಬಯಲಿನಲ್ಲಿ ಮಗು ಕಣ್ಣಿಗೆ ಬೀಳದಿರುವುದು ಹೇಗೆ ಎಂಬುದು ಮೊದಲನೆಯದು. ಮೊದಲ ದಿನವೇ ನೋಡಿ ಮುಗಿಸಿದ ಮನೆಯ ಸುತ್ತಮುತ್ತಲನ್ನೇ ಮತ್ತೆ ಮತ್ತೆ ಏಕೆ ಹುಡುಕುತ್ತಾರೆ ಎಂಬುದು ಎರಡನೆಯದು.

ಮೊದಲು ನೆಲದ ಮಾತು. ಕುರಿ, ದನ ಸಾಕುವ ವಿಶಾಲ ಜಮೀನನ್ನು ಇಲ್ಲಿ ಸ್ಟೇಷನ್ ಎನ್ನುತ್ತಾರೆ. ದಕ್ಷಿಣ ಆಸ್ಟ್ರೇಲಿಯಾದ ಅನ್ನಾ ಕ್ರೀಕ್ ಎಂಬ ಒಂದೇ ಸ್ಟೇಷನ್ ನಮ್ಮ ಬೆಳಗಾವಿ ಜಿಲ್ಲೆಗಿಂತ ದೊಡ್ಡದು. ಟಿವಿಯಲ್ಲಿ ಮೇಲಿನಿಂದ ತೋರಿಸುವ ಚಿತ್ರದಲ್ಲಿ ಈ ನೆಲ ಚಪ್ಪಟೆಯಾಗಿ ಬೋಳಾಗಿ ಕಾಣುತ್ತದೆ. ಕೆಳಗಿಳಿದು ನಡೆದರೆ ಮೊಣಕಾಲಿನಿಂದ ಸೊಂಟದವರೆಗೆ ಬೆಳೆದ ಸಾಲ್ಟ್‌ಬುಷ್ ಮತ್ತು ಬ್ಲೂಬುಷ್ ಪೊದೆಗಳು, ಮಳೆ ಬಂದಾಗ ಮಾತ್ರ ಹರಿಯುವ ತೊರೆಗಳು ಕೊರೆದ ಕೊರಕಲುಗಳು, ವಾಂಬ್ಯಾಟ್ ಎಂಬ ನೆಲ ತೋಡುವ ಪ್ರಾಣಿ ಮತ್ತು ಮೊಲಗಳ ಬಿಲಗಳು, ಕೆಲವೆಡೆ ಹಳೆಯ ಗಣಿಗುಂಡಿಗಳು ಎದುರಾಗುತ್ತವೆ. ಮೂರು ಅಡಿ ಎತ್ತರದ ಮಗು ನಿಂತಿದ್ದರೆ ಇನ್ನೂರು ಹೆಜ್ಜೆ ದೂರದಿಂದ ಕಂಡೀತು. ಅದೇ ಮಗು ಬಿಸಿಲು ತಾಳದೆ ಪೊದೆಯ ಬುಡಕ್ಕೆ ನುಗ್ಗಿ ಮುದುಡಿ ಮಲಗಿದ್ದರೆ ಹತ್ತು ಹೆಜ್ಜೆ ಪಕ್ಕದಲ್ಲಿ ಹಾದುಹೋದವನಿಗೂ ಕಾಣದು. ಆದ್ದರಿಂದಲೇ ಸಾಲುಗಟ್ಟಿ ನಡೆಯುವವರಿಗೆ, ಆಗಾಗ ನಿಂತು ಹಿಂತಿರುಗಿ ನೋಡಬೇಕು ಎಂದು ಕಲಿಸುತ್ತೇವೆ. ಪೊದೆಯ ಈ ಮಗ್ಗುಲಿನಿಂದ ಮುಚ್ಚಿಹೋದದ್ದು ಆ ಮಗ್ಗುಲಿನಿಂದ ತೆರೆದಿರುತ್ತದೆ. ಕಣ್ಣು ಮುಂದಕ್ಕೆ ನೆಟ್ಟು ನೇರ ಗೆರೆಯಲ್ಲಿ ನಡೆದು ಬಂದ ತಂಡ ನೋಡಲು ಬಹಳ ಶಿಸ್ತಾಗಿರುತ್ತದೆ, ಆದರೆ ಅಂಥ ತಂಡದ ವರದಿಯ ಮೇಲೆ ನನಗೆ ಅಷ್ಟು ಭರವಸೆಯಿಲ್ಲ. ಗೆರೆ ಬಿಟ್ಟು ಪಕ್ಕಕ್ಕೆ ಸರಿದು, ಮಗು ನುಸುಳಬಹುದಾದ ಪ್ರತಿಯೊಂದು ಸಂದಿಯಲ್ಲೂ ಬಗ್ಗಿ ನೋಡಿ, ಮತ್ತೆ ಗೆರೆಗೆ ಮರಳುವವರೇ ಒಳ್ಳೆಯ ಶೋಧಕರು.

ಇನ್ನು ಮಗುವಿನ ಸ್ವಭಾವ. ದಾರಿ ತಪ್ಪಿದವರ ಸಾವಿರಾರು ಪ್ರಕರಣಗಳನ್ನು ಕಲೆಹಾಕಿ ಅಮೆರಿಕದ ರಾಬರ್ಟ್ ಕೋಸ್ಟರ್ ಅವರು ಒಂದು ಅಂತರರಾಷ್ಟ್ರೀಯ ದತ್ತಾಂಶವನ್ನು ರೂಪಿಸಿದ್ದಾರೆ. ಅದರಲ್ಲಿ ಮಕ್ಕಳನ್ನು 1ರಿಂದ 3, 4ರಿಂದ 6, 7ರಿಂದ 9 ಎಂಬಂತೆ ವಯಸ್ಸಿನ ಗುಂಪುಗಳಾಗಿ ವಿಂಗಡಿಸಲಾಗಿದೆ. ಮೂರು ವರ್ಷದೊಳಗಿನ ಮಗುವಿಗೆ ತಾನು ತಪ್ಪಿಸಿಕೊಂಡಿದ್ದೇನೆ ಎಂಬ ಅರಿವೇ ಇರುವುದಿಲ್ಲ. ಗೊತ್ತುಗುರಿಯಿಲ್ಲದೆ ಅಲೆದು, ದಣಿದಾಗ ಸಿಕ್ಕ ಮರೆಯಲ್ಲಿ ನಿದ್ದೆಹೋಗುತ್ತದೆ. ನಾಲ್ಕರಿಂದ ಆರು ವರ್ಷದ ಮಗುವಿಗೆ ಆ ಅರಿವು ಇರುತ್ತದೆ, ಮನೆಗೆ ಮರಳಲು ಅದು ಯತ್ನಿಸುತ್ತದೆ, ಯಾವುದೋ ಪ್ರಾಣಿಯ ಬೆನ್ನು ಹತ್ತಿ ಅಥವಾ ಬೇಲಿಯ ಗುಂಟ ಇನ್ನಷ್ಟು ದೂರ ಹೋಗುವುದೂ ಉಂಟು. ಎರಡೂ ಗುಂಪುಗಳಿಗೆ ಸಾಮಾನ್ಯವಾದ ಒಂದು ಸಂಗತಿಯನ್ನು ತಂದೆತಾಯಂದಿರು ನಂಬುವುದೇ ಇಲ್ಲ: ಹೆಸರು ಹಿಡಿದು ಕೂಗಿದರೂ ಮಗು ಓಗೊಡದೆ ಇರಬಹುದು. ಬೈಗುಳದ ಭಯ, ಅಪರಿಚಿತರೊಡನೆ ಮಾತಾಡಬಾರದು ಎಂದು ಹಿರಿಯರೇ ಹೇಳಿಕೊಟ್ಟ ಬುದ್ಧಿಮಾತು, ಕಿತ್ತಳೆ ಬಣ್ಣದ ಸಮವಸ್ತ್ರ ಮತ್ತು ಹೆಲಿಕಾಪ್ಟರಿನ ಸದ್ದು ಹುಟ್ಟಿಸುವ ದಿಗಿಲು, ಇಲ್ಲವೇ ಬರೀ ಗಾಢ ನಿದ್ದೆ ಇದಕ್ಕೆ ಕಾರಣವಾಗಬಹುದು. 2021ರ ಸೆಪ್ಟೆಂಬರಿನಲ್ಲಿ ನ್ಯೂ ಸೌತ್ ವೇಲ್ಸ್‌ನ ಪುಟ್ಟಿ ಎಂಬಲ್ಲಿ ಮಾತು ಬಾರದ ಮೂರು ವರ್ಷದ ಮಗುವೊಂದು ಕಾಣೆಯಾಗಿತ್ತು. ಅದು ಔಟ್‌ಬ್ಯಾಕ್ ಎನ್ನುವ ಒಣ ಒಳನಾಡಲ್ಲ, ದಟ್ಟ ಕಾಡಿನ ಗುಡ್ಡಸೀಮೆ. ನೂರಾರು ಮಂದಿ ಹುಡುಕಿದ ಮೇಲೆ ಮೂರು ದಿನಗಳ ನಂತರ ಪೊಲೀಸ್ ಹೆಲಿಕಾಪ್ಟರಿನ ಕಣ್ಣಿಗೆ ಆ ಮಗು ತೊರೆಯೊಂದರ ನೀರಿನಲ್ಲಿ ಕುಳಿತದ್ದು ಕಂಡಿತು. ಮನೆಯಿಂದ ಅಲ್ಲಿಗೆ ಅರ್ಧ ಕಿಲೋಮೀಟರ್‌ಗಿಂತ ಹೆಚ್ಚಿನ ದೂರವಿರಲಿಲ್ಲ.

ಈಗ ಎರಡನೆಯ ಪ್ರಶ್ನೆ. ಇದಕ್ಕೆ ಸ್ವಲ್ಪ ಲೆಕ್ಕ ಬೇಕು, ಆದರೆ ಹೈಸ್ಕೂಲಿನ ಮಟ್ಟದ್ದು ಸಾಕು. ಮಗುವನ್ನು ಕೊನೆಯದಾಗಿ ಕಂಡ ಜಾಗವನ್ನು ಕೇಂದ್ರವಾಗಿಟ್ಟು 1 ಕಿಲೋಮೀಟರ್ ತ್ರಿಜ್ಯದ ಒಂದು ವೃತ್ತವನ್ನೂ 5 ಕಿಲೋಮೀಟರ್ ತ್ರಿಜ್ಯದ ಇನ್ನೊಂದು ವೃತ್ತವನ್ನೂ ಎಳೆಯೋಣ. ಒಳವೃತ್ತದ ವಿಸ್ತೀರ್ಣ ಸುಮಾರು 3 ಚದರ ಕಿಲೋಮೀಟರ್. ಅದರಾಚೆಗಿನ ಬಳೆಯಾಕಾರದ ಭಾಗದ್ದು ಸುಮಾರು 75. ಮಗು ಒಳವೃತ್ತದಲ್ಲಿರುವ ಸಾಧ್ಯತೆ ಶೇ. 60, ಹೊರಗಿನ ಬಳೆಯಲ್ಲಿರುವ ಸಾಧ್ಯತೆ ಶೇ. 40 ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಒಳವೃತ್ತವನ್ನು ಒಂದು ಸಲ ಪೂರ್ತಿ ಹುಡುಕಲಾಯಿತು, ಮಗು ಅಲ್ಲಿದ್ದಿದ್ದರೆ ಕಣ್ಣಿಗೆ ಬೀಳುವ ಸಾಧ್ಯತೆ ಶೇ. 70 ಇತ್ತು, ಆದರೂ ಸಿಗಲಿಲ್ಲ. ಆಗ ಸಾಮಾನ್ಯವಾಗಿ ಎಲ್ಲರ ಬಾಯಲ್ಲೂ ಬರುವ ಮಾತು, ‘ಅಲ್ಲಿ ನೋಡಿ ಆಯಿತು, ಇನ್ನು ಆಚೆ ಹೋಗೋಣ.’ ಲೆಕ್ಕ ಹಾಗೆ ಹೇಳುವುದಿಲ್ಲ. ಒಳವೃತ್ತದಲ್ಲಿದ್ದ ಅರುವತ್ತರಲ್ಲಿ ಹದಿನೆಂಟು ಪಾಲು ಹಾಗೆಯೇ ಉಳಿದಿದೆ, ಹೊರಗಿನ ನಲವತ್ತಕ್ಕೆ ಹೋಲಿಸಿ ನೋಡಿದರೆ ಒಳವೃತ್ತದ ಹೊಸ ಸಾಧ್ಯತೆ ಸುಮಾರು ಶೇ. 31. ಅದು 3 ಚದರ ಕಿಲೋಮೀಟರಿನಲ್ಲಿ ಅಡಕವಾಗಿದ್ದರೆ, ಮಿಕ್ಕ ಶೇ. 69 ಭಾಗ 75 ಚದರ ಕಿಲೋಮೀಟರಿಗೆ ಹರಡಿಹೋಗಿದೆ. ಎಂದರೆ ಒಂದು ಸಲ ಹುಡುಕಿ ಬರಿಗೈಯಲ್ಲಿ ಮರಳಿದ ಮೇಲೂ ಒಳವೃತ್ತದ ಒಂದೊಂದು ಚದರ ಕಿಲೋಮೀಟರ್ ಹೊರಗಿನದಕ್ಕಿಂತ ಹತ್ತು ಪಟ್ಟು ಬೆಲೆಯುಳ್ಳದ್ದು. ಎರಡನೆಯ ಸಲ ಅಷ್ಟೇ ಚೆನ್ನಾಗಿ ಹುಡುಕಿದ ಮೇಲೆಯೂ ಅದು ಮೂರು ಪಟ್ಟಿಗಿಂತ ಹೆಚ್ಚೇ ಉಳಿಯುತ್ತದೆ. ಮೂರನೆಯ ಸಲ ಮುಗಿದಾಗ ಮಾತ್ರ ಒಳಗೂ ಹೊರಗೂ ಹೆಚ್ಚುಕಡಿಮೆ ಸರಿಸಮವಾಗುತ್ತವೆ. ಇಲ್ಲಿನ ಅಂಕಿಗಳು ನಾನು ಉದಾಹರಣೆಗೆ ಆರಿಸಿಕೊಂಡವು. ನಿಜವಾದ ಶೋಧದಲ್ಲಿ ನೆಲ, ವಯಸ್ಸು, ಹವಾಮಾನ ನೋಡಿ ಅವನ್ನು ನಿರ್ಧರಿಸುತ್ತಾರೆ. ಆದರೆ ಬಿಡಿಬಿಡಿ ಅಂಕಿಗಳು ಬದಲಾದರೂ ಲೆಕ್ಕದ ನಡೆ ಇದೇ.

ಈ ಲೆಕ್ಕ ನಿಂತಿರುವುದು ‘ಶೇ. 70’ ಎಂಬ ಆ ಒಂದು ಊಹೆಯ ಪ್ರಾಮಾಣಿಕತೆಯ ಮೇಲೆ. ದಣಿದು ಬಂದ ತಂಡ ತನ್ನ ಕೆಲಸಕ್ಕೆ ತಾನೇ ಹೆಚ್ಚು ಅಂಕ ಕೊಟ್ಟುಕೊಳ್ಳುವುದು ಸಹಜ. ಹಾಗಾಗಿ ‘ಎಲ್ಲ ನೋಡಿದಿರಾ?’ ಎಂದು ಕೇಳುವುದನ್ನು ಬಿಟ್ಟು ‘ಎಲ್ಲಿ ನೋಡಲಾಗಲಿಲ್ಲ?’ ಎಂದು ಕೇಳುವುದು ವಾಡಿಕೆ. ಆಗ ಉತ್ತರಗಳು ಹೊರಬರುತ್ತವೆ: ಕೊರಕಲಿನ ಆಚೆ ದಡಕ್ಕೆ ಹೋಗಲಾಗಲಿಲ್ಲ, ಕೊನೆಯ ಅರ್ಧಗಂಟೆ ಸೂರ್ಯ ಕಣ್ಣಿಗೆ ಹೊಡೆಯುತ್ತಿದ್ದ, ಶೆಡ್ಡಿನ ಹಿಂದಿನ ಟ್ಯಾಂಕಿನ ಮುಚ್ಚಳ ತೆಗೆಯಲಿಲ್ಲ.

ಯಂತ್ರಗಳಿಗೂ ಇದೇ ಮಾತು ಸಲ್ಲುತ್ತದೆ. ಥರ್ಮಲ್ ಕ್ಯಾಮೆರಾ ಹೊತ್ತ ಡ್ರೋನ್ ಹಾರಿಸಿದರೆ ಮಗು ಹೊಳೆಯುವ ಚುಕ್ಕೆಯಾಗಿ ಕಂಡುಬಿಡುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಆ ಕ್ಯಾಮೆರಾ ಗುರುತಿಸುವುದು ಶಾಖದ ವ್ಯತ್ಯಾಸವನ್ನು. ಮಗುವಿನ ಚರ್ಮದ ಉಷ್ಣತೆ ಸುಮಾರು 33ರಿಂದ 35 ಡಿಗ್ರಿ; ಬೇಸಿಗೆಯ ಮಧ್ಯಾಹ್ನ ಬರಿನೆಲ 50 ಡಿಗ್ರಿ ದಾಟುತ್ತದೆ, ಬೆಳಿಗ್ಗೆ ಮತ್ತು ಸಂಜೆ ಒಂದಷ್ಟು ಹೊತ್ತು ನೆಲವೂ ದೇಹವೂ ಒಂದೇ ಉಷ್ಣತೆಯಲ್ಲಿದ್ದು ಚಿತ್ರ ಕಲಸಿಹೋಗುತ್ತದೆ. ಬೆಳಗಿನ ಜಾವದ ತಣ್ಣನೆಯ ಹೊತ್ತೇ ಅದಕ್ಕೆ ಪ್ರಶಸ್ತ. ಆಗಲೂ ಕಾಂಗರೂ, ಕುರಿ, ಹಗಲಿನ ಬಿಸಿ ಹಿಡಿದಿಟ್ಟುಕೊಂಡ ಬಂಡೆ ಎಲ್ಲವೂ ಬೆಳ್ಳಗೆ ಹೊಳೆಯುತ್ತವೆ, ಒಂದೊಂದನ್ನೂ ಯಾರಾದರೂ ನಡೆದುಹೋಗಿ ನೋಡಿಬರಬೇಕು. ಪೊದೆಯ ಎಲೆಗಳಡಿ ಮಲಗಿದ ಮಗುವಿನ ಶಾಖ ಮೇಲಕ್ಕೆ ಸೋಸಿ ಬರುವುದೇ ಇಲ್ಲ.

ಹೆಜ್ಜೆಗುರುತಿನ ವಿಷಯ ಬೇರೆ. ಮಗು ಒಂದೇ ಜಾಗದಲ್ಲಿರುತ್ತದೆ, ಅದು ಬಿಟ್ಟುಹೋದ ಹೆಜ್ಜೆಗಳು ದಾರಿಯುದ್ದಕ್ಕೂ ಇರುತ್ತವೆ. ಆದ್ದರಿಂದ ಮಗುವಿಗಿಂತ ಮೊದಲು ಅದರ ಹೆಜ್ಜೆ ಸಿಗುವ ಅವಕಾಶವೇ ಹೆಚ್ಚು. ಸೂರ್ಯ ನೆತ್ತಿಯ ಮೇಲಿರುವಾಗ ಮಾಯವಾಗಿರುವ ಹೆಜ್ಜೆ, ಬೆಳಿಗ್ಗೆ ಅಥವಾ ಸಂಜೆ ಓರೆಬಿಸಿಲು ಬಿದ್ದಾಗ ಅಂಚಿನ ಕೂದಲೆಳೆಯಷ್ಟು ನೆರಳಿನಿಂದ ಎದ್ದು ಕಾಣುತ್ತದೆ. ಹೆಜ್ಜೆ ತನಗೂ ಸೂರ್ಯನಿಗೂ ನಡುವೆ ಬರುವಂತೆ ಟ್ರ್ಯಾಕರ್ ನಿಲ್ಲುತ್ತಾನೆ. ರಾತ್ರಿಯಾದರೆ ಟಾರ್ಚನ್ನು ನೆಲದ ಮಟ್ಟಕ್ಕೆ ತಗ್ಗಿಸಿ ಹಿಡಿದು ಅದೇ ನೆರಳನ್ನು ಹುಟ್ಟಿಸುತ್ತಾನೆ. ಆದರೆ ಮೊದಲ ಗಂಟೆಯಲ್ಲೇ ಗಾಬರಿಯಿಂದ ಧಾವಿಸಿದವರ ಬೂಟುಗಳೂ ಕ್ವಾಡ್‌ಬೈಕ್‌ಗಳೂ ಅದನ್ನೆಲ್ಲ ತುಳಿದು ಹಾಕಿರುತ್ತವೆ.

ಈ ವಿದ್ಯೆ ಏನನ್ನು ಸಾಧಿಸಬಲ್ಲದು ಎಂಬುದಕ್ಕೆ 1864ರ ಆಗಸ್ಟಿನ ಪ್ರಕರಣವನ್ನು ಇಲ್ಲಿನವರು ಇಂದಿಗೂ ನೆನೆಯುತ್ತಾರೆ. ವಿಕ್ಟೋರಿಯಾದ ವಿಮ್ಮೆರಾ ಸೀಮೆಯಲ್ಲಿ ಒಂಬತ್ತು, ಏಳು ಮತ್ತು ಸುಮಾರು ನಾಲ್ಕು ವರ್ಷದ ಮೂವರು ಒಡಹುಟ್ಟಿದವರು ಪೊರಕೆಕಡ್ಡಿ ತರಲೆಂದು ಹೋದವರು ಮರಳಲಿಲ್ಲ. ವಲಸಿಗರು ದಿನಗಟ್ಟಲೆ ಹುಡುಕಿದರು, ಮಳೆ ಬಂದು ಜಾಡು ಅಳಿಸಿಹೋಯಿತು, ಕೊನೆಗೆ ಮೂಲನಿವಾಸಿ ಟ್ರ್ಯಾಕರ್‌ಗಳನ್ನು ಕರೆತಂದರು. ಇಲ್ಲಿ ಸಣ್ಣವನು ದಣಿದು ಕುಳಿತಿದ್ದಾನೆ, ಇಲ್ಲಿ ದೊಡ್ಡವನು ಮಂಡಿಯೂರಿ ಅವನನ್ನು ಹೊತ್ತುಕೊಂಡಿದ್ದಾನೆ ಎಂದು ಅವರು ನೆಲವನ್ನು ಓದಿದರೆಂದು ಆಗಿನ ವರದಿಗಳಲ್ಲಿದೆ. ಒಂಬತ್ತನೆಯ ದಿನಕ್ಕೆ ಮೂರೂ ಮಕ್ಕಳು ಜೀವಂತವಾಗಿ ಸಿಕ್ಕರು. ಆ ಟ್ರ್ಯಾಕರ್‌ಗಳಲ್ಲಿ ಡಿಕ್-ಎ-ಡಿಕ್ ಎಂದು ಬಿಳಿಯರು ಕರೆಯುತ್ತಿದ್ದ ಜಂಗುಂಜಿನಾನುಕೆಯೂ ಒಬ್ಬ. ನಾಲ್ಕು ವರ್ಷಗಳ ನಂತರ, 1868ರಲ್ಲಿ, ಇಂಗ್ಲೆಂಡ್ ಪ್ರವಾಸ ಮಾಡಿದ ಮೊದಲ ಆಸ್ಟ್ರೇಲಿಯನ್ ಕ್ರಿಕೆಟ್ ತಂಡದಲ್ಲಿ ಈತ ಇದ್ದ. ಟ್ರ್ಯಾಕರ್‌ಗಳನ್ನು ಕರೆಸಲು ಅಂದು ಅಷ್ಟು ದಿನ ಕಾದದ್ದೇಕೆ ಎಂಬ ಪ್ರಶ್ನೆಯನ್ನು ಇಂದಿನ ಶೋಧ ಯೋಜಕರೂ ಕೇಳಿಕೊಳ್ಳುವುದು ಒಳ್ಳೆಯದು. ಜಾಡು ಬಲ್ಲವರು ಬರಬೇಕಾದದ್ದು ಮೊದಲ ದಿನ, ಎಲ್ಲ ಕೈಚೆಲ್ಲಿದ ಮೇಲಲ್ಲ.

ಆಗಸ್ಟ್ ಇಲ್ಲಿ ಚಳಿಗಾಲ; ಆ ಮಕ್ಕಳು ಬದುಕುಳಿಯಲು ಅದೂ ಒಂದು ಕಾರಣ. ದೇಹದ ತೂಕಕ್ಕೆ ಹೋಲಿಸಿದರೆ ಮಗುವಿನ ಚರ್ಮದ ವಿಸ್ತೀರ್ಣ ದೊಡ್ಡವರಿಗಿಂತ ಹೆಚ್ಚು. ಬಿಸಿಲಿನಲ್ಲಿ ಅದು ಬೇಗ ಕಾಯುತ್ತದೆ, ರಾತ್ರಿ ಬೇಗ ತಣಿಯುತ್ತದೆ. ಬೇಸಿಗೆಯ ಔಟ್‌ಬ್ಯಾಕಿನಲ್ಲಿ ನೀರಿಲ್ಲದ ಮಗುವಿಗೆ ಗಂಟೆಗಳ ಲೆಕ್ಕ. ಹಾಗಾಗಿ ದನಕರುಗಳ ನೀರಿನ ತೊಟ್ಟಿ, ಕೃಷಿಹೊಂಡ ಮತ್ತು ಗಾಳಿಯಂತ್ರದ ಬಾವಿಗಳನ್ನು ಎಲ್ಲಕ್ಕಿಂತ ಮೊದಲು ನೋಡಬೇಕಾಗುತ್ತದೆ, ಅವು ಮಗುವನ್ನು ಉಳಿಸಬಲ್ಲವು, ಮುಳುಗಿಸಲೂಬಲ್ಲವು.

ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ನಮ್ಮವರು ರಜೆಯಲ್ಲಿ ಕಾರು ಹತ್ತಿ ಒಳನಾಡಿಗೆ ಹೋಗುವುದು ಈಗ ಸಾಮಾನ್ಯವಾಗಿದೆ. ಅಂಥವರಿಗೆ ಕೆಲವು ಮಾತು. ಮಗು ಕಾಣದಿದ್ದರೆ ಮೊದಲು ಮನೆಯನ್ನೇ ಅಥವಾ ಬಿಡಾರವನ್ನೇ ಹುಡುಕಿ: ಮಂಚದ ಕೆಳಗೆ, ಕಪಾಟಿನಲ್ಲಿ, ಬಟ್ಟೆ ಒಗೆಯುವ ಯಂತ್ರದಲ್ಲಿ, ಕಾರಿನ ಡಿಕ್ಕಿಯಲ್ಲಿ, ನಾಯಿಗೂಡಿನಲ್ಲಿ. ಒಬ್ಬರು ನೋಡಿದ್ದನ್ನು ಇನ್ನೊಬ್ಬರು ಮತ್ತೆ ನೋಡಲಿ. ಅದು ಮುಗಿಯುವವರೆಗೆ ಕಾಯದೆ ಇನ್ನೊಬ್ಬರು ತುರ್ತು ಸಂಖ್ಯೆ 000ಗೆ ಕರೆ ಮಾಡಲಿ, ನೆಲದ ಮೇಲಿನ ಶೋಧದ ಹೊಣೆ ಆಯಾ ರಾಜ್ಯದ ಪೊಲೀಸರದು. ಮಗು ಆಡುತ್ತಿದ್ದ ಜಾಗವನ್ನು ತುಳಿಯದೆ ಹಾಗೆಯೇ ಬಿಡಿ, ಅದು ತೊಟ್ಟಿದ್ದ ಚಪ್ಪಲಿಯಂಥದೇ ಇನ್ನೊಂದು ಜೊತೆ ಇದ್ದರೆ ಎತ್ತಿಡಿ. ಮನೆಯಲ್ಲಿ ಮಗುವನ್ನು ಏನೆಂದು ಕರೆಯುತ್ತೀರಿ, ಯಾವ ಭಾಷೆಗೆ ಅದು ತಿರುಗಿ ನೋಡುತ್ತದೆ ಎಂಬುದನ್ನು ಅಧಿಕಾರಿಗೆ ಹೇಳಿ. ಶಾಲೆಯ ದಾಖಲೆಯಲ್ಲಿರುವ ಹೆಸರನ್ನು ಅಪರಿಚಿತ ಗಂಡಸೊಬ್ಬ ಇಂಗ್ಲಿಷ್ ಉಚ್ಚಾರಣೆಯಲ್ಲಿ ಕೂಗಿದರೆ ಅಡಗಿ ಕೂರುವ ಮಗು, ‘ಪುಟ್ಟಾ, ಬಾರೋ, ಯಾರೂ ಬೈಯಲ್ಲ’ ಎಂಬ ಅಜ್ಜಿಯ ದನಿ ಧ್ವನಿವರ್ಧಕದಲ್ಲಿ ಕೇಳಿದರೆ ಎದ್ದು ಬರಬಹುದು. ಹಾಗೆ ಕೂಗಿದ ಮೇಲೆ ಎಲ್ಲರೂ ಎಂಜಿನ್ ಆರಿಸಿ ಒಂದು ನಿಮಿಷ ಸುಮ್ಮನೆ ನಿಂತು ಕಿವಿಗೊಡಬೇಕು.

ಇಷ್ಟೆಲ್ಲ ಮಾಡಿದರೂ ಸಿಗದಿದ್ದಾಗ, ವೈದ್ಯರು ಹೇಳುವ ಬದುಕುಳಿಯುವ ಅವಧಿಯನ್ನೂ ಅದುವರೆಗಿನ ಹುಡುಕಾಟದ ಲೆಕ್ಕವನ್ನೂ ಮುಂದಿಟ್ಟುಕೊಂಡು ಪೊಲೀಸರು ಶೋಧವನ್ನು ತಗ್ಗಿಸುತ್ತಾರೆ. ಒಳಗೂ ಹೊರಗೂ ಸಾಧ್ಯತೆ ತೀರ ಕುಸಿದಿದೆ ಎಂದಾದರೆ, ಮಗು ನಾವು ಎಳೆದ ವೃತ್ತದಲ್ಲೇ ಇಲ್ಲ ಎಂಬ ಮೂರನೆಯ ಸಾಧ್ಯತೆ ತಾನಾಗಿ ಮೇಲೇಳುತ್ತದೆ. ಪತ್ತೇದಾರರು ಮೊದಲ ದಿನದಿಂದಲೇ ಬೇರೆಯಾಗಿ ಕೆಲಸ ಮಾಡುವುದು ಈ ಕಾರಣಕ್ಕೆ, ಅದನ್ನು ಮನೆಯವರ ಮೇಲಿನ ಆರೋಪವೆಂದು ತಿಳಿಯಬಾರದು. ತಗ್ಗಿಸಿದ ಶೋಧ ಮುಗಿದ ಶೋಧವೂ ಅಲ್ಲ. ಯಂಟಾದ ಬಳಿ ಅಕ್ಟೋಬರ್ ಆರಂಭದಲ್ಲಿ ತಗ್ಗಿಸಿದ್ದ ಹುಡುಕಾಟ ಅದೇ ತಿಂಗಳ ನಡುವಿನಲ್ಲಿ ಮತ್ತೆ ನಡೆಯಿತು, ತಿಂಗಳ ಕೊನೆಯಲ್ಲಿ ಸ್ಟೇಷನ್ನಿನ ಕೃಷಿಹೊಂಡವನ್ನು ಬರಿದು ಮಾಡಿ ನೋಡಿದರು. ಹಾಗೆ ಮತ್ತೆ ಬರುವ ತಂಡ ಮೊದಲು ಕೇಳುವುದು ಹಳೆಯ ತಂಡಗಳ ಹಾಳೆಗಳನ್ನು, ಅದರಲ್ಲೂ ‘ನೋಡಲಾಗಲಿಲ್ಲ’ ಎಂಬ ಕಲಮಿನಲ್ಲಿ ಬರೆದದ್ದನ್ನು.