ಚಾಂಗ್‌ಎ ಮದ್ದನ್ನು ಕದ್ದಳೇ, ಕಾಪಾಡಿದಳೇ?

ಪ್ರಶ್ನೆ: ಚೀನಾದ ಚಂದ್ರದೇವತೆ ಚಾಂಗ್‌ಎ, ಗಂಡನ ದುಷ್ಟ ಶಿಷ್ಯನ ಪಾಲಾಗಬಾರದೆಂದು ಅಮರತ್ವದ ಮದ್ದನ್ನು ತಾನೇ ಕುಡಿದಳಂತೆ. ಹೀಗಿರುವಾಗ ಅವಳನ್ನು ಕಳ್ಳಿ ಎನ್ನುವುದು ಅನ್ಯಾಯವಲ್ಲವೇ?

ಉತ್ತರ: ಎಂಟನೆಯ ಚಾಂದ್ರಮಾಸದ ಹುಣ್ಣಿಮೆ, ಅಂದರೆ ಚೀನೀಯರ ಚಂದ್ರನ ಹಬ್ಬ, ಹತ್ತಿರವಾಯಿತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಮತ್ತೊಮ್ಮೆ ಹೇಳುತ್ತೇನೆ: ಹಳೆಯ ಕಥೆಯಲ್ಲಿ ಅವಳು ಕದ್ದಳು.

ಕ್ರಿ.ಪೂ. 2ನೇ ಶತಮಾನದ ‘ಹುವಾಯ್‌ನಾನ್‌ಜಿ’ ಗ್ರಂಥದಲ್ಲಿ ಈ ಪ್ರಸಂಗ ಬಹಳ ಚುಟುಕಾಗಿದೆ. ಅವಳ ಗಂಡ, ಬಿಲ್ಲುಗಾರ ಯೀ, ಪಶ್ಚಿಮದ ಮಾತೃರಾಣಿಯನ್ನು ಬೇಡಿ ಸಾವಿಲ್ಲದ ಮದ್ದನ್ನು ಪಡೆದ. ಚಾಂಗ್‌ಎ ಅದನ್ನು ಕದ್ದು ಚಂದ್ರನಿಗೆ ಓಡಿದಳು. ಮತ್ತೆ ಅದನ್ನು ಪಡೆಯುವ ದಾರಿ ಕಾಣದೆ ಅವನು ಕುಗ್ಗಿಹೋದ. ಅಷ್ಟೇ. ಶಿಷ್ಯನ ಸುಳಿವೇ ಇಲ್ಲ. 1993ರಲ್ಲಿ ಹುಬೈ ಪ್ರಾಂತ್ಯದ ವಾಂಗ್‌ಜಿಯಾತಾಯ್‌ನ ಸಮಾಧಿಯೊಂದರಲ್ಲಿ ಸಿಕ್ಕ ಬಿದಿರು ಪಟ್ಟಿಗಳ ಶಕುನಗ್ರಂಥವೂ ಕದ್ದಳೆಂದೇ ಹೇಳುತ್ತದೆ.

ಹಾಗಾದರೆ ಆ ಶಿಷ್ಯ ಫೆಂಗ್‌ಮೆಂಗ್ ಎಲ್ಲಿಂದ ಬಂದ? ಅವನ ಹೆಸರು ಹಳೆಯದೇ, ಆದರೆ ಅವನ ಕಥೆ ಬೇರೆ. ದಾರ್ಶನಿಕ ಮೆನ್ಸಿಯಸ್‌ನ ಗ್ರಂಥದ ಪ್ರಕಾರ ಅವನು ಯೀಯಿಂದ ಬಿಲ್ವಿದ್ಯೆಯನ್ನೆಲ್ಲ ಕಲಿತು, ಲೋಕದಲ್ಲಿ ತನ್ನನ್ನು ಮೀರಿಸುವವನು ಗುರು ಒಬ್ಬನೇ ಎಂಬ ಅಸೂಯೆಯಿಂದ ಅವನನ್ನೇ ಕೊಂದ. ಅಲ್ಲಿ ಮದ್ದೂ ಇಲ್ಲ, ಚಂದ್ರನೂ ಇಲ್ಲ, ಚಾಂಗ್‌ಎಯೂ ಇಲ್ಲ. ಈ ಗುರುದ್ರೋಹಿಯನ್ನು ಎಳೆತಂದು ಅವಳ ಮನೆಯೊಳಗೆ ನುಗ್ಗಿಸಿದವರು ಬಹಳ ಕಾಲದ ನಂತರದ ಕಥೆಗಾರರು. ಕುಟುಂಬವೆಲ್ಲ ಕೂಡಿ ಚಂದ್ರನ ಬೆಳಕಿನಲ್ಲಿ ಕಡುಬು ಹಂಚಿಕೊಳ್ಳುವ ಹಬ್ಬಕ್ಕೆ ಗಂಡನಿಗೆ ಮೋಸ ಮಾಡಿದವಳಿಗಿಂತ ತ್ಯಾಗಿಯಾದ ಹೆಂಡತಿ ಹೊಂದುತ್ತಾಳೆ ಎಂಬುದನ್ನು ಬಲ್ಲೆ. ಹೊಸ ಕಥೆಯನ್ನು ಹೇಳಲಿ, ಬೇಡವೆನ್ನುವುದಿಲ್ಲ. ಅದನ್ನೇ ಮೂಲವೆಂದು ಮಕ್ಕಳಿಗೆ ಕಲಿಸಬೇಡಿ. ತಾಂಗ್ ರಾಜವಂಶದ ಕಾಲದ ಕವಿ ಲೀ ಶಾಂಗ್‌ಯಿನ್, ಮದ್ದು ಕದ್ದುದಕ್ಕಾಗಿ ಅವಳು ಪರಿತಪಿಸುತ್ತಿರಬೇಕು ಎಂದು ಬರೆದ. ಕಳವನ್ನು ತೆಗೆದುಹಾಕಿದರೆ ಆ ಪರಿತಾಪಕ್ಕೆ ನೆಲೆಯೆಲ್ಲಿ?

ಚಂದ್ರನಲ್ಲಿ ಅವಳ ಜೊತೆಗಿದೆ ಎನ್ನುವ ಮೊಲದ ಬಗ್ಗೆಯೂ ಹೇಳಿಬಿಡುತ್ತೇನೆ. ನಮ್ಮ ಶಶಾಂಕನ ಮೊಲವೇ ಬೌದ್ಧಧರ್ಮದೊಂದಿಗೆ ಚೀನಾಕ್ಕೆ ಹೋಯಿತೆಂದು ಹಲವರು ನಂಬಿದ್ದಾರೆ. ಆದರೆ 1972ರಲ್ಲಿ ಚಾಂಗ್‌ಶಾ ಬಳಿಯ ಮಾವಾಂಗ್‌ದುಯಿಯಲ್ಲಿ ದೊರೆತ ರೇಷ್ಮೆ ಪತಾಕೆ ಕ್ರಿ.ಪೂ. 2ನೇ ಶತಮಾನದ್ದು, ಬೌದ್ಧಧರ್ಮ ಅಲ್ಲಿ ನೆಲೆಯೂರುವುದಕ್ಕೂ ಮೊದಲಿನದು. ಅದರ ಬಾಲಚಂದ್ರನ ಮೇಲೆ ಆಗಲೇ ಮೊಲವಿದೆ. ಜೊತೆಗೆ ಅದಕ್ಕಿಂತ ದೊಡ್ಡದಾದ ನೆಲಗಪ್ಪೆಯೊಂದಿದೆ. ಕ್ರಿ.ಶ. 2ನೇ ಶತಮಾನದ ಖಗೋಳಜ್ಞ ಜಾಂಗ್ ಹೆಂಗ್‌ನ ಬರಹದಲ್ಲಿ ಚಾಂಗ್‌ಎ ಚಂದ್ರನನ್ನು ಸೇರಿ ನೆಲಗಪ್ಪೆಯೇ ಆಗುತ್ತಾಳೆ. ಆದರೂ 2013ರಲ್ಲಿ ಚಾಂಗ್‌ಎ-3 ನೌಕೆ ಚಂದ್ರನ ಮೇಲೆ ಇಳಿಸಿದ ರೋವರ್‌ಗೆ ಸಿಕ್ಕಿದ್ದು ಮೊಲದ ಹೆಸರು: ಯೂತು.