ಕಪಾಟಿನೊಳಗೇ ಉಳಿದ ಕನ್ನಡ

ಹೋದ ತಿಂಗಳು ಒಂದು ಇಲಾಖೆಯ ಹಳೇ ಸುತ್ತೋಲೆಯ ಪಿಡಿಎಫ್ ತೆರೆದೆ. ಕಣ್ಣಿಗೆ ಚೆಂದದ ಕನ್ನಡ. ಅದರಲ್ಲಿದ್ದ ‘ಕರ್ನಾಟಕ’ ಪದವನ್ನು ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದೆ. ಬಂದದ್ದು ಇಂಗ್ಲಿಷಿನ ‘ಪಿ’, ತಲೆ ಮೇಲೆ ಗೀಟಿರುವ ‘ಎ’, ಆಮೇಲೆ ಪೌಂಡ್ ಚಿಹ್ನೆ! ನಮಗೆ ಕಾಣುವ ಕನ್ನಡ ಕಂಪ್ಯೂಟರಿಗೆ ಕಾಣುವುದೇ ಇಲ್ಲ. ಎಐಗೂ ಅಷ್ಟೇ.

ಎಐ ಭಾಷೆ ಕಲಿಯುವುದು ರಾಶಿ ರಾಶಿ ಬರಹ, ಮಾತುಗಳಿಂದ. ಇಂಟರ್ನೆಟ್ಟಿನಲ್ಲಿ ಇಂಗ್ಲಿಷ್ ಬೇಕಾದಷ್ಟಿದೆ, ಕನ್ನಡ ತೀರಾ ಕಡಿಮೆ. ಆದರೆ ಆದೇಶ, ಗೆಜೆಟ್, ಸದನದ ಚರ್ಚೆ, ಪಠ್ಯಪುಸ್ತಕ ಅಂತ ಸರ್ಕಾರದ ಕಪಾಟಿನಲ್ಲಿ ಕನ್ನಡ ತುಂಬಿದೆ, ಅಲ್ವಾ?

ಭಾಷೆಯ ದತ್ತಾಂಶ ಕೂಡಿಸುವ ಕೆಲಸ ನಮ್ಮಲ್ಲಿ ಹೊಸದೇನಲ್ಲ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ಶುರುವಾದದ್ದು 1969ರಲ್ಲಿ. 1990ರ ದಶಕದಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆಯ ಟಿಡಿಐಎಲ್ (ಭಾರತೀಯ ಭಾಷೆಗಳ ತಂತ್ರಜ್ಞಾನ) ಯೋಜನೆಯಡಿ ಅಲ್ಲಿ ಕನ್ನಡಕ್ಕೆ ಸುಮಾರು 30 ಲಕ್ಷ ಪದಗಳ ಪಠ್ಯ ಸಿದ್ಧವಾಯಿತು. ಈಗಿನ ಎಐಗೆ ಅದು ಒಂದು ತುತ್ತೂ ಅಲ್ಲ. ಆದರೆ ಕನ್ನಡದ ವೆಬ್‌ಸೈಟುಗಳು ಅಪರೂಪವಾಗಿದ್ದ ಆ ಕಾಲಕ್ಕೆ ಅದು ದೊಡ್ಡ ಸಾಹಸ.

ಮುಂದೆ ಕಚೇರಿಗಳಿಗೆ ಕನ್ನಡ ಟೈಪಿಸುವ ‘ನುಡಿ’ಯಂಥ ತಂತ್ರಾಂಶ ಬಂತು. ಕಂಪ್ಯೂಟರಿನಲ್ಲಿ ಕನ್ನಡ ಉಳಿದದ್ದೇ ಅದರಿಂದ. ಆದರೆ ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ನನ್ನ ಸುತ್ತೋಲೆಯ ಪೌಂಡ್ ಚಿಹ್ನೆ ನಿಜಕ್ಕೂ ‘ನ’. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡನ್ನು ರಾಜ್ಯ ಸರ್ಕಾರ ಒಪ್ಪಿಕೊಂಡದ್ದು 2012ರಲ್ಲಿ. ಅಷ್ಟರಲ್ಲಿ ವರ್ಷಗಟ್ಟಲೆ ಕಡತ ಹಳೇ ಫಾಂಟಿನಲ್ಲೇ ಟೈಪಾಗಿತ್ತು.

ಅದೇ ವರ್ಷ ಕೇಂದ್ರ ಸರ್ಕಾರ ದತ್ತಾಂಶ ಹಂಚಿಕೆ ನೀತಿ ತಂದು, ಅದಕ್ಕೊಂದು ಪೋರ್ಟಲನ್ನೂ ತೆರೆಯಿತು. ಅಲ್ಲಿ ಸಿಕ್ಕಿದ್ದು ಜಾಸ್ತಿ ಅಂಕಿಅಂಶ. ಭಾಷೆಯ ಸರದಿ ಬಂದದ್ದು 2022ರಲ್ಲಿ, ಭಾರತೀಯ ಭಾಷೆಗಳ ಅನುವಾದಕ್ಕೆಂದು ಕೇಂದ್ರ ತಂದ ‘ಭಾಷಿಣಿ’ಯ ಜೊತೆ. ಅದರ ‘ಭಾಷಾದಾನ’ದಲ್ಲಿ ಪರದೆ ಮೇಲೆ ಬರುವ ಒಂದು ವಾಕ್ಯವನ್ನು ನೀವು ಗಟ್ಟಿಯಾಗಿ ಓದಿ ದನಿ ಕೊಡಬಹುದು. ಇನ್ನೊಬ್ಬರು ಕೇಳಿ, ಸರಿಯಿದೆಯೇ ಅಂತ ನೋಡುತ್ತಾರೆ. 2024ರಲ್ಲಿ ದೇಶದಲ್ಲಿ ಎಐ ಬೆಳೆಸುವ, ಸುಮಾರು 10,372 ಕೋಟಿ ರೂಪಾಯಿಯ ಕೇಂದ್ರದ ಇಂಡಿಯಾಎಐ ಮಿಷನ್‌ಗೆ ಒಪ್ಪಿಗೆ ಸಿಕ್ಕಿತು. ಮರುವರ್ಷ ‘ಎಐಕೋಶ’ ಅನ್ನುವ ದತ್ತಾಂಶ ಭಂಡಾರವೂ ಬಂತು.

ಹೊಸದಾಗಿ ಕೂಡಿಸಲಿ, ಬೇಡ ಅನ್ನುವವರು ಯಾರು? ಆದರೆ ನನ್ನ ಆಸೆ ಆ ಹಳೇ ಕಪಾಟಿನ ಮೇಲೆ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪರವಾನಗಿಯಲ್ಲಿ ಕೊಟ್ಟಿತು. ಇಲಾಖೆಗಳೂ ಹಾಗೆ ಕೊಡಬಹುದು. ಖಾಸಗಿ ವಿವರವಿರುವ ಕಡತಗಳನ್ನು ಮಾತ್ರ ಬದಿಗಿಡಬೇಕು.

ಹಳೇ ಫಾಂಟನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ನನ್ನ ಸುತ್ತೋಲೆಯನ್ನೂ ಅದರಲ್ಲಿ ಹಾಕಿದೆ. ಎರಡು ಒತ್ತಕ್ಷರ ತಪ್ಪಾಗಿದ್ದವು, ಕೈಯಲ್ಲೇ ತಿದ್ದಿದೆ. ಆಮೇಲೆ ‘ಕರ್ನಾಟಕ’ ಅಂತ ಹುಡುಕಿದೆ. ಸಿಕ್ಕಿತು.