ಮೂರು ಪಾಲಿನ ಹತ್ತು ರೂಪಾಯಿ, ಕಂಪ್ಯೂಟರಿನ 0.1

ತೀರ್ಥಹಳ್ಳಿ, ಸಾಗರ ಕಡೆಯ ಅಡಿಕೆ ಬೆಳೆಗಾರರ ಹಳೇ ಲೆಕ್ಕದಲ್ಲಿ ದುಡ್ಡು ಅಂದರೆ ರೂಪಾಯಿ, ಆಣೆ, ಪೈ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಹತ್ತು ರೂಪಾಯಿಯನ್ನು ಮೂವರು ಅಣ್ಣತಮ್ಮಂದಿರಿಗೆ ಹಂಚಿದರೆ ತಲೆಗೆ 3-5-4: ಮೂರು ರೂಪಾಯಿ, ಐದಾಣೆ, ನಾಲ್ಕು ಪೈ. ಒಂದು ಪೈಯೂ ಉಳಿಯಲ್ಲ. ರೂಪಾಯಿಯ 192 ಪೈಗಳು ಮೂರರಿಂದ ಸಲೀಸಾಗಿ ಭಾಗವಾಗುತ್ತವೆ. ಈಗ ಹಂಚಿ ನೋಡಿ: 3.33, ಮಿಕ್ಕ ಒಂದು ಪೈಸೆ ಯಾರಿಗೆ?

1957ರ ಏಪ್ರಿಲ್ 1ರಂದು ರೂಪಾಯಿಗೆ 100 ನಯಾಪೈಸೆ ಆಯಿತು. ಒಂದಾಣೆ ಅಂದರೆ ಆರೂಕಾಲು. ಕಾಲು ಪೈಸೆ ನಾಣ್ಯ ಎಲ್ಲಿಂದ ತರೋದು? ಒಂದಾಣೆಗೆ 6, ಎರಡಕ್ಕೆ 12, ಮೂರಕ್ಕೆ 19, ನಾಲ್ಕಕ್ಕೆ 25 ಅಂತ ಕೋಷ್ಟಕ ಬಂತು. ಒಂದೊಂದೇ ಆಣೆ ಬದಲಿಸಿದವನಿಗೆ ನಾಲ್ಕಕ್ಕೆ 24 ಮಾತ್ರ!

ಕಂಪ್ಯೂಟರಿನ ತಕರಾರೂ ಇದೇ ಜಾತಿಯದು. 1945ರಲ್ಲಿ ಕಟ್ಟಿ ಮುಗಿಸಿದ ಎನಿಯಾಕ್ ಅನ್ನೋ ಅಮೆರಿಕದ ಕಂಪ್ಯೂಟರ್ ಹತ್ತರಲ್ಲೇ ಎಣಿಸುತ್ತಿತ್ತು. ಅದರ ಮುಂದಿನ ಕಂಪ್ಯೂಟರ್ ಎಡ್ವಾಕ್ ಬಗ್ಗೆ ಗಣಿತಜ್ಞ ಜಾನ್ ವಾನ್ ನಾಯ್ಮನ್ ಅದೇ ವರ್ಷ ಬರೆದ ವರದಿ, ಬರೀ 0 ಮತ್ತು 1 ಇರುವ ಎರಡರ ಪದ್ಧತಿಯನ್ನು ಆರಿಸಿತು. ಪೂರ್ಣಸಂಖ್ಯೆಗೆ ಇದರಿಂದ ತೊಂದರೆ ಇಲ್ಲ. ಜೋಗದ ಎತ್ತರ 253 ಮೀಟರ್. ಎರಡರಿಂದ ಭಾಗಿಸುತ್ತಾ ಹೋಗಿ, ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ: 11111101. ನಾಲ್ಕು ನಾಲ್ಕಾಗಿ ಕಟ್ಟಿದರೆ 15, 13. ಹದಿನಾರರ ಪದ್ಧತಿಯಲ್ಲಿ 10ರಿಂದ 15ಕ್ಕೆ ಎ ಯಿಂದ ಎಫ್ ವರೆಗಿನ ಅಕ್ಷರ, ಹಾಗಾಗಿ ಅದು ಎಫ್‌ಡಿ (ಬ್ಯಾಂಕಿನದಲ್ಲ). ಒಂದೊಂದು 0 ಅಥವಾ 1ಕ್ಕೆ ಬಿಟ್ ಅಂತ ಹೆಸರು. 1964ರಲ್ಲಿ ಐಬಿಎಂ ಕಂಪನಿಯ ಸಿಸ್ಟಮ್ 360 ಕಂಪ್ಯೂಟರ್, 8 ಬಿಟ್‌ಗಳ ಕಟ್ಟು, ಅಂದರೆ ಬೈಟ್ ತಂದ ಮೇಲೆ, ಒಂದು ಬೈಟಿಗೆ ಸರಿಯಾಗಿ ಎರಡು ಅಂಕಿಯಾಗಿ ಈ ಹದಿನಾರು ಗಟ್ಟಿಯಾಗಿ ಕೂತಿತು.

ಚಿಲ್ಲರೆ ಬಂದಾಗಲೇ ಫಜೀತಿ. ಹತ್ತರೊಳಗೆ ಒಂದು ಐದು ಇದೆ, ಎರಡನ್ನು ಎಷ್ಟು ಸಲ ಗುಣಿಸಿದರೂ ಆ ಐದು ಸಿಗಲ್ಲ. ಹಾಗಾಗಿ 0.1 ಎರಡರ ಪದ್ಧತಿಯಲ್ಲಿ 0.000110011... ಅಂತ ಹೋಗುತ್ತಲೇ ಇರುತ್ತದೆ. ಎಲ್ಲೋ ಒಂದು ಕಡೆ ಕತ್ತರಿಸಬೇಕು. ಪೈಥಾನ್ ಅನ್ನೋ ಪ್ರೋಗ್ರಾಂ ಭಾಷೆಯಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುವುದು ಅದಕ್ಕೇ. ಶಿವಮೊಗ್ಗದ ಇಂಜಿನಿಯರಿಂಗ್ ಹುಡುಗರು ಇದನ್ನು ಬಗ್ (ಪ್ರೋಗ್ರಾಂ ತಪ್ಪು) ಅಂದುಕೊಂಡರೆ ತಪ್ಪೇನಲ್ಲ, ನೋಡೋಕೆ ಹಾಗೇ ಇದೆ.

ಆದರೆ ಇದು ಸುಮ್ನೆ ತಮಾಷೆಯಲ್ಲ. 1991ರ ಗಲ್ಫ್ ಯುದ್ಧದಲ್ಲಿ, ಸೌದಿಯ ದಹ್ರಾನ್‌ನಲ್ಲಿದ್ದ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ತಡೆ ವ್ಯವಸ್ಥೆ ಸೆಕೆಂಡಿನ ಹತ್ತನೇ ಒಂದು ಭಾಗವನ್ನು 24 ಬಿಟ್‌ಗೆ ಕತ್ತರಿಸಿ ಸಮಯ ಲೆಕ್ಕ ಹಾಕುತ್ತಿತ್ತು. ಸುಮಾರು 100 ಗಂಟೆ ಬಿಡದೆ ಓಡಿದಾಗ ಲೆಕ್ಕ 0.34 ಸೆಕೆಂಡಿನಷ್ಟು ತಪ್ಪಿತು. ಇರಾಕ್‌ನಿಂದ ಬಂದ ಸ್ಕಡ್ ಕ್ಷಿಪಣಿಯನ್ನು ತಡೆಯಲಾಗಲಿಲ್ಲ. 28 ಅಮೆರಿಕನ್ ಸೈನಿಕರು ಸತ್ತರು.

ದುಡ್ಡಿನ ಪ್ರೋಗ್ರಾಂ ಬರೆಯುವವರಿಗೆ ದಾರಿ ಇದೆ. ಪೈಸೆಯನ್ನೇ ಪೂರ್ಣಸಂಖ್ಯೆಯಾಗಿ ಇಡಬಹುದು, ಇಲ್ಲವೇ ಹತ್ತರ ಪದ್ಧತಿಯಲ್ಲೇ ಕೂಡಿಸಬಹುದು. 2008ರಲ್ಲಿ, ಕಂಪ್ಯೂಟರುಗಳು ಚಿಲ್ಲರೆ ಲೆಕ್ಕ ಹೇಗೆ ಮಾಡಬೇಕು ಅಂತ ಹೇಳುವ ಐಇಇಇ 754 ಮಾನದಂಡವೂ ಹತ್ತರ ಪದ್ಧತಿಗೆ ಜಾಗ ಕೊಟ್ಟಿತು. ಅಡಿಕೆ ಮಂಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವವರು ಫ್ಲೋಟ್ (ಚಿಲ್ಲರೆಯನ್ನು ಎರಡರ ಪದ್ಧತಿಯಲ್ಲಿ ಕತ್ತರಿಸಿ ಇಡುವ ಸಂಖ್ಯೆ) ಮುಟ್ಟದಿದ್ದರೆ ಒಳ್ಳೆಯದು.